ಮುಂದೂರಿನ ಕಪ್ಪು ಸಂದು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಜಾತಕವನ್ನಲ್ಲ, ಹೊಲ ಗದ್ದೆಯನ್ನೂ ಅಲ್ಲ. ಕಾಫಿ ಲೋಟ ಕೆಳಗಿಡುವ ಮುಂಚೆಯೇ, "ಮುಂದೂರಲ್ಲಿ ನಿಮ್ಮ ದೀಪ ಎಲ್ಲೈತೆ?" ಎಂದು ಕೇಳುತ್ತಾರೆ. ದೀಪ ಇದ್ದವರು ನೆಂಟರನ್ನು ದಿಬ್ಬಕ್ಕೆ ಕರೆದುಕೊಂಡು ಹೋಗಿ, ಬೆರಳು ಚಾಚಿ, "ಅಗೋ, ಆ ಉದ್ದನೆ ಕಟ್ಟಡ, ಮೇಲಿಂದ ಮೂರನೆ ಸಾಲು, ಹಸಿರು ಪರದೆ" ಎಂದು ತೋರಿಸುತ್ತಾರೆ. ಇಲ್ಲದವರು ಇನ್ನೊಂದು ಲೋಟ ಕಾಫಿ ಕೊಡುತ್ತಾರೆ. ನಾವು, ಸುಣ್ಣದ ಕೇರಿಯವರು, ಅಜ್ಜಂದಿರ ಕಾಲದಿಂದ ಕಾಫಿ ಕೊಡುತ್ತಲೇ ಬಂದಿದ್ದೇವೆ.

ಊರಿನ ಪಡುವಣಕ್ಕೆ ಚೌಳು ಬಯಲು. ಹಗಲೆಲ್ಲ ಅದು ಬರೀ ಬಯಲು. ಉಪ್ಪು ಮೇಲೆದ್ದ ಬಿಳಿ ನೆಲ, ಅಲ್ಲೊಂದು ಇಲ್ಲೊಂದು ಈಚಲು, ದಾರಿ ತಪ್ಪಿದ ಎಮ್ಮೆ. ದೀಪ ಹಚ್ಚುವ ಹೊತ್ತಿಗೆ ಅದರ ಮೇಲೆ ಮುಂದೂರು ಏಳುತ್ತದೆ. ಒಂದರ ಹೆಗಲ ಮೇಲೊಂದು ಕೂತ ಹಾಗಿರುವ ಕಟ್ಟಡಗಳು, ಅವುಗಳ ನಡುವೆ ಗಾಳಿಯಲ್ಲೇ ಹಾಯುವ ರಸ್ತೆಗಳು, ಆಕಾಶದಲ್ಲಿ ತೂಗುಬಿಟ್ಟ ಗಾಜಿನ ತೋಟಗಳು, ಸದ್ದಿಲ್ಲದೆ ಜಾರಿಕೊಂಡು ಹೋಗುವ ಬಂಡಿಗಳು. ಆಮೇಲೆ ಒಂದೊಂದೇ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಕೈಯಲ್ಲಿರುವ ಚಹ ತಣ್ಣಗಾಗುವಷ್ಟು ಹೊತ್ತು ನಿಂತು, ಯಾರೋ ಊದಿದ ಹಾಗೆ ಎಲ್ಲ ಆರಿಹೋಗುತ್ತದೆ. ನಮ್ಮೂರು ಮುಂದೆ ಹೀಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಯಾರು ಹೇಳಿದರು ಎಂದು ಕೇಳಬೇಡಿ. ಆ ಹೊತ್ತಿಗೆ ಬಸ್ಸಿನವನು ಎಂಜಿನ್ ಆಫ್ ಮಾಡುತ್ತಾನೆ. ದಿಬ್ಬದ ಮೇಲೆ ಕಡಲೆಕಾಯಿ ಮಾರುವವರು ದನಿ ಏರಿಸುತ್ತಾರೆ. ಹೊರಗಿನಿಂದ ಬಂದವರು ಮೊದಲ ದಿನ ಬಾಯಿ ತೆರೆದು ನಿಲ್ಲುತ್ತಾರೆ, ಎರಡನೆ ದಿನ ನಮ್ಮ ಜೊತೆ ಕೂತು ಕಡಲೆಕಾಯಿ ಬಿಡಿಸುತ್ತಾರೆ.

ಮೊಬೈಲಿನಲ್ಲಿ ಹಿಡಿಯಲು ಹೋದರೆ ಬರುವುದು ಬಿಳಿ ನೆಲ ಮತ್ತು ಯಾವುದಾದರೂ ಒಂದು ನಾಯಿ. ಹಾಗಾಗಿ ಕೈಯಲ್ಲೇ ಬರೆಯಬೇಕು. ಹಿಂದೆ ತಗಡಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಿದ್ದರು. ಈಗ ಅಲ್ಲಿ ಗೋಡೆಯಷ್ಟು ದೊಡ್ಡ ಸ್ಕ್ರೀನ್ ಇದೆ, ಟ್ಯಾಬಿನಲ್ಲಿ ಬರೆದ ಪಟ ಅದರಲ್ಲಿ ಹಗಲೂ ರಾತ್ರಿ ಹೊಳೆಯುತ್ತಿರುತ್ತದೆ. ಬಯಲಿನ ಊರು ಚಹ ಆರುವಷ್ಟು ಹೊತ್ತಿಗೆ ಹೋಗುತ್ತದೆ, ಸ್ಕ್ರೀನಿನದು ಹೋಗುವುದಿಲ್ಲ. ಜನಕ್ಕೆ ಇನ್ನೇನು ಬೇಕು? ಈಗ ಬಹಳ ಮಂದಿ ದಿಬ್ಬಕ್ಕೆ ಬಂದರೂ ಬೆನ್ನು ತಿರುಗಿಸಿ ಹರಟುತ್ತಾರೆ. ಪಟ ನೋಡಿದರೆ ಸಾಕು, ಎಲ್ಲ ನೋಡಿದ ಹಾಗೆಯೇ.

ನನಗೆ ಸಿಟ್ಟು ಬರುವುದು ಇಲ್ಲೇ. ಬಜಾರಿನವರ ದೀಪಗಳು ಬಜಾರಿನ ನೇರಕ್ಕೆ ಹತ್ತುತ್ತವೆ, ಕೋಟೆ ಕೇರಿಯವರವು ಕೋಟೆಯ ನೇರಕ್ಕೆ. ನಮ್ಮ ಸುಣ್ಣದ ಕೇರಿಯ ನೇರಕ್ಕೆ ಎರಡು ಗೋಪುರಗಳಿವೆ, ಜನ ಅವನ್ನು ಅಣ್ಣ ತಮ್ಮ ಎನ್ನುತ್ತಾರೆ. ಆ ಅಣ್ಣ ತಮ್ಮನ ನಡುವೆ ಒಂದು ಸಂದು. ಅದರಲ್ಲಿ ಕಟ್ಟಡವಿಲ್ಲ, ರಸ್ತೆಯಿಲ್ಲ, ದೀಪವಿಲ್ಲ. ಕಪ್ಪು. ಪಟ ಬರೆದವರೆಲ್ಲ ಆ ಕಪ್ಪಿನ ಮೇಲೆ ಮರ ಬರೆದರು. ಮೊದಲು ತೆಂಗು, ಆಮೇಲೆ ಯಾವ ಊರಿನದೋ ಗೊತ್ತಿಲ್ಲದ ದುಂಡನೆ ಮರಗಳು. ಊರಿನವರು ಅದನ್ನು ಉದ್ಯಾನವನ ಎಂದುಕೊಂಡರು. ನಮ್ಮವರು, ಮರದ ಹಿಂದೆ ನಮ್ಮ ಮನೆ ಇದ್ದೀತು ಎಂದುಕೊಂಡರು. ಎಂದುಕೊಂಡರೂ ನಂಬದವರು ಒಂದೊಂದೇ ಮನೆ ಗಂಟು ಕಟ್ಟಿ ಊರು ಬಿಟ್ಟರು. ಮನೆ ಖಾಲಿಯಾದಷ್ಟೂ ಸಂದು ಕಪ್ಪಾಯಿತು, ಸಂದು ಕಪ್ಪಾದಷ್ಟೂ ಮನೆ ಖಾಲಿ. ಇದರಲ್ಲಿ ಮೊದಲು ಯಾವುದು ಎಂದು ಕೇಳಿದರೆ ದಿಬ್ಬದ ಮೇಲಿನ ಯಾವ ಬುದ್ಧಿವಂತನೂ ಬಾಯಿ ಬಿಡುವುದಿಲ್ಲ.

ಎಂಟನೆ ಕ್ಲಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಎಲ್ಲರಿಗೂ ಮುಂದೂರು ಬರೆಯಲು ಹೇಳಿದರು. ನಾನು ಸಂದನ್ನು ಕಪ್ಪಾಗಿ ಬಿಟ್ಟೆ. ಮೇಷ್ಟ್ರು ಹಸಿರು ಕ್ರೇಯಾನ್ ತಗೊಂಡು ನನ್ನ ಹಾಳೆಯ ಮೇಲೆ ತಾವೇ ಮರ ಗೀಚಿ, "ಈಗ ನೋಡು, ಎಷ್ಟು ಲಕ್ಷಣವಾಗಿದೆ" ಎಂದರು. ನಾನು ಹಾಳೆ ಹರಿದು ಅವರ ಮೇಜಿನ ಮೇಲೆ ಎಸೆದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಮತ್ತೆ ಒಳಗೆ ಹೋಗಲಿಲ್ಲ. ಅಂಗಡಿ ಬೋರ್ಡು ಬರೆದೆ, ಲಾರಿಯ ಹಿಂದೆ ಹದ್ದು ಬರೆದೆ, ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾಯಕರ ಮುಖದ ಮೇಲಿನ ಕಲೆಗಳನ್ನು ಒರೆಸಿದೆ. ಅಲ್ಲಿಯೇ ಟ್ಯಾಬಿನ ಪೆನ್ನು ಕೈಗೆ ಕೂತಿತು. ಎರಡು ಬೆರಳಿನಿಂದ ತಟ್ಟಿದರೆ ಬರೆದದ್ದು ಇಲ್ಲವಾಗುತ್ತದೆ ಎಂದು ಗೊತ್ತಾದ ದಿನ ನನಗೆ ನೆನಪಾದದ್ದು ಮೇಷ್ಟ್ರ ಮರಗಳು.

ಹಿಂದೆ ಪಟ ಬರೆಯುತ್ತಿದ್ದ ಪೇಂಟರಿಗೆ ಕಣ್ಣು ಮಂಜಾದ ಮೇಲೆ ಈ ಸಲದ ಪಟಕ್ಕೆ ಪುರಸಭೆಯ ಅಧ್ಯಕ್ಷರು ನನ್ನನ್ನು ಕರೆಸಿದರು. ಚನ್ನಬಸಣ್ಣ ಎಂದು ಅವರ ಹೆಸರು, ಮುಂದೂರಿನಲ್ಲಿ ಅವರ ಮನೆಗೆ ಏಳು ಕಿಟಕಿ.

"ತಿಪ್ಪೇಶ, ನಿನ್ನ ಕೈ ಒಳ್ಳೇದು, ಬಾಯಿ ಕೆಟ್ಟದ್ದು. ಕೈನ ಮಾತ್ರ ತಗಂಡು ಬಾ," ಎಂದರು.

"ಕಂಡಿದ್ದು ಬರೀತೀನಿ ಅಧ್ಯಕ್ಷರೆ."

"ಬರಿ ಬರಿ. ಆ ಸಂದಿಗೆ ಮಾತ್ರ ಈ ಸಲ ಬರೀ ಮರ ಬ್ಯಾಡ. ಒಂದು ಕಾರಂಜಿ ಹಾಕು. ಬಣ್ಣಬಣ್ಣದ್ದು."

"ಅಲ್ಲಿ ಕಾರಂಜಿ ಇಲ್ಲ."

"ಇಲ್ಲದಿದ್ರೆ ಏನೀಗ? ಮುಂದೆ ಆಗೋದು ತಾನೆ ಇದೆಲ್ಲ!"

ನಾನು ಹಲ್ಲು ಕಚ್ಚಿಕೊಂಡು ಹೂಂ ಎಂದೆ. ಹೂಂ ಎನ್ನದಿದ್ದರೆ ಇನ್ನೊಬ್ಬನಿಗೆ ಕೊಡುತ್ತಿದ್ದರು, ಅವನು ಕಾರಂಜಿಯ ಪಕ್ಕದಲ್ಲಿ ನವಿಲನ್ನೂ ಬರೆಯುತ್ತಿದ್ದ.

ಕೆಲಸ ಶುರು ಮಾಡಿದ ದಿನ ಮಟಮಟ ಮಧ್ಯಾಹ್ನ ದಿಬ್ಬದ ಮೇಲೆ ಕೂತು ಮೊದಲು ಖಾಲಿ ಬಯಲನ್ನು ಬರೆದೆ. ಅದು ಕೆಳಗಿನ ಲೇಯರ್. ಡಿಜಿಟಲ್ ಪಟ ಎಂದರೆ ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳ ಹಾಗೆ. ಮೇಲಿನದರಲ್ಲಿ ಏನು ಬರೆದರೂ ಕೆಳಗಿನದು ಹಾಗೇ ಉಳಿದಿರುತ್ತದೆ, ಯಾವುದನ್ನು ಬೇಕಾದರೂ ಮುಚ್ಚಬಹುದು, ತೆರೆಯಬಹುದು. ಬಯಲಿನ ಮೇಲೆ ಆಕಾಶ, ಅದರ ಮೇಲೆ ಬೂದು ಬಣ್ಣದ ಮುದ್ದೆಗಳ ಹಾಗೆ ಕಟ್ಟಡ, ಆಮೇಲೆ ರಸ್ತೆ, ಗಾಜು, ಹೊಗೆ, ಕೊನೆಗೆ ದೀಪ. ಸಂಜೆ ದಿಬ್ಬದಲ್ಲಿ ರೆಪ್ಪೆ ಬಡಿಯದೆ ನೋಡುವುದು, ಕಣ್ಣಲ್ಲಿ ತುಂಬಿಕೊಂಡದ್ದು ಚೆಲ್ಲುವ ಮೊದಲು ಮನೆಗೆ ಓಡಿ ಬಂದು ಬರೆಯುವುದು, ಮಾರನೆ ಸಂಜೆ ಹೋಗಿ ತಪ್ಪು ಹುಡುಕುವುದು. ಒಂದು ಕಿಟಕಿ ಬರೆದು ಅದನ್ನೇ ಸಾವಿರ ಸಲ ಅಂಟಿಸಬಹುದು, ಫ್ಲೆಕ್ಸ್ ಅಂಗಡಿಯಲ್ಲಿ ಹಾಗೇ ಮಾಡುತ್ತಿದ್ದೆವು. ಇಲ್ಲಿ ಮಾಡಲಿಲ್ಲ. ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬರು ಇರುತ್ತಾರೆ. ಅವರ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿದ್ದರೂ, ಕಿಟಕಿಗೆ ಮೋಸ ಮಾಡಲು ಕೈ ಬರಲಿಲ್ಲ.

ಸುದ್ದಿ ತಿಳಿದ ಮೇಲೆ ನಮ್ಮ ಜಗಲಿಗೆ ಜನ ಬಂದರು. ಹಿಂದೆಂದೂ ಸುಣ್ಣದ ಕೇರಿಗೆ ಕಾಲಿಡದವರು ಚಪ್ಪಲಿ ಕಳಚಿಟ್ಟು ಕೂತರು. ಔಷಧಿ ಅಂಗಡಿಯವರಿಗೂ ಬಟ್ಟೆ ಅಂಗಡಿಯವರಿಗೂ ಒಂದೇ ಕಿಟಕಿಗೆ ಜಗಳ. "ಆ ಹಸಿರು ಪರದೆ ನಮ್ದು." "ನಿಮ್ಮನೇಲಿ ಪರದೆ ಕಂಡೋರು ಯಾರು ಸ್ವಾಮಿ, ಲುಂಗಿ ಇಳಿಬಿಟ್ಟಿದ್ದೀರಿ." ಒಬ್ಬ ಅಜ್ಜಿ ಟ್ಯಾಬಿಗೆ ಮೂಗು ಮುಟ್ಟುವಷ್ಟು ಬಗ್ಗಿ, "ನಮ್ದು ಒಸಿ ಮಂಕಾಗಿ ಕಾಣ್ತೈತಲ್ಲ ಮಗ, ಬತ್ತಿ ಏರಿಸು," ಎಂದಳು. ಏರಿಸಿದೆ. ನಮ್ಮವ್ವ ಒಳಗಿನಿಂದಲೇ, "ಊರೋರ ಮನೆಗೆಲ್ಲ ದೀಪ ಹಚ್ತಾನೆ ನನ್ಮಗ. ನಮ್ಮನೆ ಬಲ್ಬು ಹೋಗಿ ಎಷ್ಟು ದಿನ ಆತು, ಅದು ಕಾಣಂಗಿಲ್ಲ," ಎಂದು ಪಾತ್ರೆ ಕುಕ್ಕಿದಳು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಆ ಕಪ್ಪು. ಕಪ್ಪು ಬಣ್ಣ ಬಳಿದರೆ ಕಪ್ಪಾಗುವುದಿಲ್ಲ, ತೂತಾಗುತ್ತದೆ. ದಿಬ್ಬದ ಮೇಲೆ ನಿಂತು ದಿಟ್ಟಿಸಿದರೆ ಆ ಸಂದಿನಲ್ಲಿ ನೀಲಿ ಇತ್ತು, ಸುಣ್ಣದ ಗೂಡಿನ ಒಳಗೋಡೆಯ ಮಸಿ ಇತ್ತು, ಒದ್ದೆ ಕಂಬಳಿಯ ಕಂದು ಇತ್ತು. ತೆಳ್ಳಗೆ ತೆಳ್ಳಗೆ ಒಂದರ ಮೇಲೊಂದು ಎಳೆಯುತ್ತ ಹೋದೆ. ಎಳೆಯುವಾಗ ಆಸೆ ಬಿಡುತ್ತಿರಲಿಲ್ಲ. ಇಲ್ಲಿ ಒಂದು ಹೊಸಿಲು ಇರಬಹುದು, ಹೊಸಿಲಿನ ಪಕ್ಕ ಒಂದು ಕಾಲು ಗೋಡೆಗೆ ಒತ್ತಿ ನಿಂತ ಹೆಂಗಸು ಇರಬಹುದು, ತಲೆಗೂದಲು ನರೆತಿರಬಹುದು, ಯಾಕಿಷ್ಟು ಹೊತ್ತು ಎಂದು ಯಾರನ್ನೋ ಬೈಯುತ್ತಿರಬಹುದು. ಬೈಸಿಕೊಳ್ಳುವವನು ನಾನೇ ಆಗಿರಬಹುದು. ಕಣ್ಣು ನೀರಾಗುವವರೆಗೆ ನೋಡಿದರೂ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಮನುಷ್ಯನಿಗೆ ಹಿಂದೆ ಕಳೆದುಹೋದದ್ದಕ್ಕೆ ಹಂಬಲ ಹುಟ್ಟುತ್ತದೆ ಎನ್ನುತ್ತಾರೆ. ನನಗೆ ಹುಟ್ಟಿದ್ದು ಇನ್ನೂ ಬಾರದ ಒಂದು ಸಂಜೆಗೆ, ಅದು ಬರುವುದೇ ಇಲ್ಲ ಎಂದು ದಿನಾ ಕಣ್ಣಾರೆ ಕಾಣುತ್ತಿರುವಾಗ.

ಹಾಗೆ ಕಾಲು ಗೋಡೆಗೆ ಒತ್ತಿ ನಿಲ್ಲುವವಳು ಹೊನ್ನೂರಮ್ಮ, ಎದುರು ಮನೆಯ ದುರುಗಪ್ಪ ಮಾವನ ಮಗಳು. ಕೇರಿಗೆಲ್ಲ ಹೊನ್ನಿ. ಬಜಾರಿನ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ದಿಬ್ಬದ ಮೇಲೆ ಬೆನ್ನು ತಿರುಗಿಸದೆ ಕೊನೆಯವರೆಗೂ ಬಯಲು ನೋಡುವವರು ಊರಲ್ಲಿ ನಾವಿಬ್ಬರೇ. ಒಂದು ಸಂಜೆ ನಾನು ಕಪ್ಪಿಗೆ ಮಸಿ ಬೆರೆಸುತ್ತಿರುವಾಗ ಬಂದು ನಮ್ಮ ಜಗಲಿಯ ಗೋಡೆಗೆ ಕಾಲು ಕೊಟ್ಟು ನಿಂತಳು.

"ಏನ್ಲಾ ಮೇಸ್ತ್ರಿ, ಇವತ್ತು ಎಷ್ಟು ಮಾಳಿಗೆ ಏರಿಸಿದೆ?"

"ಏರಿಸಿದ್ದೀನಿ, ಬಿದ್ದು ಸಾಯ್ಬೋದು ಅಷ್ಟು."

ಅವಳು ನಗಲಿಲ್ಲ. "ನಮ್ಮಪ್ಪ ಹೊಂಟೈತೆ," ಎಂದಳು.

"ಎಲ್ಲಿಗೆ?"

"ಹೊಳೆ ಆಚೆ, ದೊಡ್ಡಮ್ಮನ ಊರಿಗೆ. ಅಲ್ಲಿ ಸಂಜೆ ಆದ್ರೆ ಬರೀ ಸಂಜೆ ಆಗುತ್ತಂತೆ. ಬ್ಯಾರೆ ಏನೂ ಕಾಣಲ್ವಂತೆ. ನೆಮ್ಮದಿ ಅಂತೆ."

"ಯಾವಾಗ?"

"ನಿನ್ನ ಪಟ ಏರಿದ ಮಾರನೆ ದಿನ. ಪಟದಾಗೆ ನಮ್ಮ ಸಂದಿಗೆ ಒಂದು ದೀಪ ಬಂದ್ರೂ ಇರ್ತೀನಿ ಅಂತೈತೆ. ಇಲ್ಲಾಂದ್ರೆ ಆಟೊಗೆ ಸಾಮಾನು."

ದುರುಗಪ್ಪ ಮಾವನದು ಲಗೇಜ್ ಆಟೊ. ಊರು ಬಿಟ್ಟ ನಮ್ಮ ಕೇರಿಯವರ ಸಾಮಾನನ್ನೆಲ್ಲ ಸಾಗಿಸಿದ್ದು ಅದೇ. ನನಗೆ ಬರುವುದು ಸಿಟ್ಟೊಂದೇ. "ಒಂದ್ಯಾಕೆ, ಹತ್ತು ದೀಪ ಬರೀತೀನಿ, ನೋಡು," ಎಂದು ಹಳದಿ ತೆಗೆದು ಕಪ್ಪಿನ ನಡುವೆ ಪೆನ್ನು ಒತ್ತಿದೆ. ಪುಟ್ಟ ದೀಪವೊಂದು ಹತ್ತಿತು. ಎಷ್ಟು ಚಂದ ಹತ್ತಿತೆಂದರೆ ನಾನೇ ಉಸಿರು ಹಿಡಿದೆ. ಹೊನ್ನಿ ಬಗ್ಗಿ ಅದನ್ನೇ ನೋಡಿದಳು. ಆಮೇಲೆ ಎರಡು ಬೆರಳಿನಿಂದ ಗಾಜಿನ ಮೇಲೆ ತಟ್ಟಿದಳು. ದೀಪ ಹೋಯಿತು. ನಾನು ಬರೆಯುವುದನ್ನು ದಿನಾ ನೋಡಿ ಕಲಿತಿದ್ದಳು.

"ನಾನು ಪಟ ನೋಡೋಳಲ್ಲ ಕಣ್ಲಾ, ಬಯಲು ನೋಡೋಳು. ನೀನು ಪೆನ್ನಲ್ಲಿ ಹಚ್ಚಿದ ದೀಪದ ಕೆಳಗೆ ನಮ್ಮಪ್ಪ ಕೂರಬೋದು. ನಾನು ಹೆಂಗ್ ಕೂರ್ಲಿ?"

"ಹಂಗಾದ್ರೆ ಹೋಗ್ತೀಯ?"

"ಹೋಗಬ್ಯಾಡ ಅಂತ ನೀನು ಹೇಳ್ದ್ಯಾ?"

ಊರಿನ ಅಧ್ಯಕ್ಷರಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರ ಮೇಲೂ ಕೂಗಾಡುವ ನನಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಏನೆಂದು ಹೇಳಲಿ? ಇರು ಎಂದರೆ ಎಲ್ಲಿ ಇರುತ್ತಾಳೆ? ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದು ಕಪ್ಪು ಸಂದು. ಅವಳು ಗೋಡೆಯಿಂದ ಕಾಲು ಇಳಿಸಿ ಹೋದಳು. ಗೋಡೆಯ ಮೇಲೆ ಅಂಗಾಲಿನ ಗುರುತು ಉಳಿದಿತ್ತು.

ಪಟ ಏರಿದ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲು ಎಲ್ಲರೂ ತಮ್ಮ ತಮ್ಮ ಕಿಟಕಿ ಹುಡುಕಿಕೊಂಡು ಹಿಗ್ಗಿದರು. ಆಮೇಲೆ ಒಬ್ಬ, "ಇದೇನ್ರಿ ಇದು, ನಡುವೆ ಸುಟ್ಟಂಗೈತೆ?" ಎಂದ. ಅಣ್ಣ ತಮ್ಮನ ನಡುವೆ ನಾನು ಕಂಡದ್ದನ್ನು ಕಂಡ ಹಾಗೆ ಬಿಟ್ಟಿದ್ದೆ. ಮರವಿಲ್ಲ, ಕಾರಂಜಿಯಿಲ್ಲ. ಗೋಡೆಯಷ್ಟು ದೊಡ್ಡ ಸ್ಕ್ರೀನಿನಲ್ಲಿ ಆ ಕಪ್ಪು ಆಳೆತ್ತರ ನಿಂತಿತ್ತು. ಅಧ್ಯಕ್ಷರು ಬೆವರು ಒರೆಸಿಕೊಂಡು ಬಂದರು. "ಬಸ್ ಇಳಿದೋರು ಮೊದಲು ನೋಡೋದು ಇದನ್ನೇನೋ? ನಾಳೆ ಸಂಜೆ ಒಳಗೆ ಮರ ಬರಬೇಕು. ಕಾರಂಜಿ ಹಾಳಾಗಿ ಹೋಗ್ಲಿ, ಮರನಾದ್ರೂ ಹಾಕು."

"ನಿಮ್ಮ ಏಳು ಕಿಟಕೀಲಿ ಒಂದು ತೆಗೆದು ಅಲ್ಲಿಗೆ ಹಾಕ್ಲಾ?" ಎಂದೆ.

"ಕೈನ ಮಾತ್ರ ತಗಂಡು ಬಾ ಅಂದಿದ್ದೆ," ಎಂದು ಅವರು ತಿರುಗಿದರು.

ನಾನು ಗೆದ್ದ ಹಾಗೆ ನಿಂತಿದ್ದೆ. ಎಂಟನೆ ಕ್ಲಾಸಿನ ಹಾಳೆಯನ್ನು ಕೊನೆಗೂ ಊರಿನ ಮುಖಕ್ಕೆ ಹಿಡಿದಿದ್ದೆ. ಅಷ್ಟರಲ್ಲಿ ನಮ್ಮ ಕೇರಿಯವರು ಕಂಡರು. ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತು ಆ ಕಪ್ಪನ್ನೇ ನೋಡುತ್ತಿದ್ದರು. ಒಬ್ಬರೂ ಶಹಬ್ಬಾಸ್ ಎನ್ನಲಿಲ್ಲ. ದುರುಗಪ್ಪ ಮಾವ ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಬೈಯುತ್ತಾನೆ ಎಂದುಕೊಂಡೆ.

"ಇಷ್ಟು ದಿನ ಮರ ಇತ್ತಪ್ಪ," ಎಂದ. "ಮರದ ಹಿಂದೆ ನಮ್ದೂ ಒಂದು ಮನೆ ಇರಬೋದು ಅಂತ ನೋಡ್ತಿದ್ದೆ. ಮರ ಕಡಿದ್ಬಿಟ್ಟೆ."

"ಸುಳ್ಳಲ್ವಾ ಮಾವ ಅದು?"

"ಸುಳ್ಳೇ. ನಾನೇನು ಕುರುಡನಾ?" ಎಂದು ಹೆಗಲಿನಿಂದ ಕೈ ತೆಗೆದು, ಸಾಮಾನು ಕಟ್ಟಲು ಹಗ್ಗ ಬೇಕೆಂದು ಅಂಗಡಿಯತ್ತ ನಡೆದ.

ಮಾರನೆ ದಿನ ಎದುರು ಮನೆಯಿಂದ ಮಂಚ ಬಂತು, ಹೊಲಿಗೆ ಮಿಷನ್ ಬಂತು, ಬಕೆಟ್ಟಿನೊಳಗೆ ತುಳಸಿ ಗಿಡ ಬಂತು. ದೀಪದ ಹೊತ್ತಿಗೆ ದಿಬ್ಬದಲ್ಲಿ ಆಟೊ ನಿಲ್ಲಿಸಿ ಕೊನೆಯ ಸಲ ನೋಡಿಕೊಂಡು ಹೊರಡುತ್ತೇವೆ ಎಂದು ಹೊನ್ನಿ ನಮ್ಮವ್ವನಿಗೆ ಹೇಳಿದಳು. ನನ್ನ ಕಡೆ ನೋಡಲಿಲ್ಲ. ನಾನು ಜಗಲಿಯ ಮೇಲೆ ಟ್ಯಾಬ್ ಹಿಡಿದು ಕೂತಿದ್ದೆ, ಮರ ಬರೆಯಬೇಕಲ್ಲ. ಹಸಿರು ತೆಗೆದೆ. ಕೈ ಏಳಲಿಲ್ಲ. ಸಿಟ್ಟು ನೆತ್ತಿಗೇರಿ, ಬರೆದ ಊರನ್ನೇ ಮುಚ್ಚಿಬಿಡೋಣ ಎಂದು ಒಂದೊಂದೇ ಲೇಯರ್ ಮುಚ್ಚುತ್ತ ಬಂದೆ. ದೀಪಗಳು ಹೋದವು. ಹೊಗೆ ಹೋಯಿತು. ಗಾಜು, ರಸ್ತೆ, ಅಣ್ಣ, ತಮ್ಮ, ನನ್ನ ಅಷ್ಟು ದಿನದ ಕಪ್ಪು, ಆಕಾಶ ಎಲ್ಲ ಹೋಗಿ ಕೊನೆಗೆ ಮೊದಲ ದಿನ ಮಧ್ಯಾಹ್ನ ಬರೆದ ಬಯಲು ಉಳಿಯಿತು. ಸಂದು ಇದ್ದ ಜಾಗದಲ್ಲಿ ಒಂದು ಒಂಟಿ ಈಚಲು ಮರ ನಿಂತಿತ್ತು. ಅಷ್ಟೇ. ನಾನೇ ಬರೆದು ಮರೆತಿದ್ದೆ. ದಿನಾ ಹಗಲು ಕಾಣುವ ಮರ. ನಡೆದುಕೊಂಡು ಹೋಗಬಹುದಾದ ಜಾಗ.

ಸುಣ್ಣದ ಗೂಡು ಉರಿಯುತ್ತಿದ್ದ ಕಾಲದ ಲಾಟೀನು ಹಿತ್ತಲಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅಂಗಿಯಿಂದಲೇ ಅದರ ಗಾಜು ಒರೆಸಿ, ಡಬ್ಬಿಯ ತಳದಲ್ಲಿದ್ದ ಸೀಮೆಎಣ್ಣೆ ಸುರಿದೆ. ಅವ್ವ ಬಾಗಿಲಿಗೆ ಬಂದಳು.

"ಅದನ್ನೆಲ್ಲಿಗೆ ಹೊತ್ಕೊಂಡು ಹೊಂಟೆ?"

"ಬಲ್ಬು ಹೋಗೈತೆ ಅಂತಿದ್ಯಲ್ಲವ್ವ."

"ಬಲ್ಬು ಹೋಗಿರೋದು ಮನೇಲಿ ಕಣೋ!" ಎಂದು ಅವಳು ಕೂಗುವಾಗ ನಾನು ದಿಬ್ಬದ ಹಿಂಬದಿಯ ದಾರಿ ಹಿಡಿದಿದ್ದೆ.

ಆ ಹೊತ್ತಿನಲ್ಲಿ ಬಯಲಿಗೆ ಯಾರೂ ಇಳಿಯುವುದಿಲ್ಲ. ಬೇಡವೆಂದು ಯಾರೂ ಹೇಳಿಲ್ಲ. ಆದರೂ ಇಳಿಯುವುದಿಲ್ಲ, ಇನ್ನೂ ಹಸೆ ಏರದ ಮದುಮಕ್ಕಳ ಮಣೆಯ ಮೇಲೆ ಬೇರೆಯವರು ಕೂರದ ಹಾಗೆ. ದನಗಳನ್ನೂ ಬಿಸಿಲಿರುವಾಗಲೇ ಹೊಡೆದುಕೊಂಡು ಬರುತ್ತಾರೆ. ಮುಂದೂರು ಏಳುವಾಗ ಅದರೊಳಗೆ ಸಿಕ್ಕಿಕೊಂಡವನ ಗತಿ ಏನು ಎಂದು ಯಾರಿಗೂ ಗೊತ್ತಿಲ್ಲ. ಚೌಳು ಮಣ್ಣು ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು, ಕೆಳಗೆ ಕೆಸರು. ಮೊಣಕಾಲವರೆಗೆ ಬಿಳಿಯಾಯಿತು. ಈಚಲಿನ ಬುಡ ಮುಟ್ಟುವಷ್ಟರಲ್ಲಿ ಹೊತ್ತು ಕಂತಿತ್ತು. ಎಲ್ಲಿಯೋ ಒಂದು ಟಿಟ್ಟಿಭ ಹಕ್ಕಿ ಕೂಗಿತು. ನಾನು ಎರಡೂ ಕಡೆ ನೋಡಿದೆ. ಈಗ ಅಣ್ಣ ಏಳುತ್ತಾನೆ, ಈಗ ತಮ್ಮ ಏಳುತ್ತಾನೆ, ಹುಟ್ಟಿದಾಗಿನಿಂದ ದೂರದಿಂದ ನೋಡಿದ್ದನ್ನು ಇನ್ನೇನು ಕೈಯಿಂದ ಮುಟ್ಟುತ್ತೇನೆ ಎಂದು ಕೈ ಚಾಚಿ ನಿಂತೆ.

ಏನೂ ಏಳಲಿಲ್ಲ. ಬಿಳಿ ನೆಲ, ಗಾಳಿ, ಈಚಲು. ಆದರೆ ದಿಬ್ಬದ ಕಡೆಯಿಂದ ಜನರ ಹೋ ಎನ್ನುವ ಸದ್ದು ತೇಲಿ ಬಂತು. ಮುಂದೂರು ಎದ್ದಾಗ ದಿನಾ ಕೇಳುವ ಸದ್ದು. ಅಂದರೆ ಅವರಿಗೆ ಎದ್ದಿದೆ, ಅದರ ನಟ್ಟನಡುವೆ ನಿಂತ ನನಗೆ ಇಲ್ಲ. ನಾನು ಲಾಟೀನು ಹಚ್ಚಲು ಗಾಳಿಗೆ ಬೆನ್ನು ಕೊಟ್ಟು ಊರಿನತ್ತ ತಿರುಗಿದೆ. ಆ ಹೊತ್ತಿನಲ್ಲಿ ನಮ್ಮೂರನ್ನು ಎದುರಿನಿಂದ ಯಾರೂ ನೋಡಿಲ್ಲ. ದಿಬ್ಬದ ಮೇಲೆ ಸಣ್ಣ ಸಣ್ಣ ಕಿಟಕಿಗಳು, ಅಡುಗೆ ಹೊಗೆ, ಕಡಲೆಕಾಯಿ ಬಂಡಿಯ ದೀಪ, ಒಂದು ಆಟೊದ ಕೆಂಪು ಚುಕ್ಕಿ. ಯಾರೋ ಬಹಳ ದಿನ ಕೂತು, ಒಂದೊಂದು ಕಿಟಕಿಯನ್ನೂ ಕೈಯಲ್ಲೇ ಬರೆದ ಹಾಗಿತ್ತು. ಆ ಕೆಂಪು ಚುಕ್ಕಿ ಇನ್ನೂ ಅಲ್ಲೇ ಇತ್ತು. ಬತ್ತಿ ಹೊತ್ತಿಕೊಂಡಿತು. ಲಾಟೀನನ್ನು ತಲೆಯ ಮೇಲಕ್ಕೆ, ತೋಳು ಹೋಗುವಷ್ಟು ಮೇಲಕ್ಕೆ ಎತ್ತಿ ಹಿಡಿದೆ.

ದಿಬ್ಬದ ಸದ್ದು ನಿಂತುಹೋಯಿತು. ಕಡಲೆಕಾಯಿಯವರೂ ಸುಮ್ಮನಾದರು. ಆಮೇಲೆ ಒಂದು ಕೂಗು ಬಂತು. ಅದು ಬಜಾರಿನ ಕೂಗಲ್ಲ, ಕೋಟೆ ಕೇರಿಯದೂ ಅಲ್ಲ. ನಮ್ಮ ಕೇರಿಯವರು ಮದುವೆಯಲ್ಲೂ ಹಾಗೆ ಕೂಗಿದ್ದನ್ನು ನಾನು ಕೇಳಿಲ್ಲ. ತೋಳು ನಡುಗುತ್ತಿತ್ತು. ಇಳಿಸಲಿಲ್ಲ. ಹೋಗಬ್ಯಾಡ, ಹೋಗಬ್ಯಾಡ ಎಂದು ಹಲ್ಲಿನೊಳಗೆ ಹೇಳುತ್ತಲೇ ಇದ್ದೆ, ಜಗಲಿಯ ಮೇಲೆ ಬಾರದಿದ್ದ ಮಾತು ಅಲ್ಲಿ ಯಾರೂ ಇಲ್ಲದ ಕಡೆ ಧಾರಾಳವಾಗಿ ಬಂತು. ಎಣ್ಣೆ ಮುಗಿದು ಲಾಟೀನು ತಾನೇ ಆರಿತು.

ಸುತ್ತು ಹಾಕಿಕೊಂಡು ದಿಬ್ಬ ಹತ್ತುವಾಗ ಅಲ್ಲಿ ಜಾತ್ರೆಯಂಥ ಗದ್ದಲ. ಲಾಟೀನನ್ನು ಬೇಲಿಯ ಹಿಂದೆ ಇಟ್ಟು ಜನರ ನಡುವೆ ನುಸುಳಿದೆ. ಸುಣ್ಣದ ಕೇರಿಯ ಅಷ್ಟೂ ಮನೆಯವರು ಒಂದೇ ದೀಪವನ್ನು ಹಂಚಿಕೊಳ್ಳುತ್ತಿದ್ದರು. "ನಮ್ದೇ ಅದು." "ನಿಮ್ದೇ ಕಣಕ್ಕ, ನಮ್ದು ಅದರ ಪಕ್ಕದ ಕೋಣೆ, ಇನ್ನೂ ಹಚ್ಚಿಲ್ಲ ಅಷ್ಟೆ." ಅಧ್ಯಕ್ಷರು, "ಕಾರಂಜಿ ಹಾಕು ಅಂದ್ರೆ ಹಾಕಲಿಲ್ಲ ಅವನು. ನೋಡ್ರಿ, ನಾನು ಅಂದಿದ್ದೇ ತಡ ಬೆಳಕು ಬಂತು," ಎನ್ನುತ್ತಿದ್ದರು. ದುರುಗಪ್ಪ ಮಾವ ಯಾರ ಮಾತನ್ನೂ ಕೇಳಿಸಿಕೊಳ್ಳದೆ ಆಟೊದ ಹಗ್ಗ ಬಿಚ್ಚುತ್ತಿದ್ದ. ತುಳಸಿ ಗಿಡದ ಬಕೆಟ್ಟನ್ನು ಎತ್ತಿ ನನ್ನ ಕೈಗೆ ಕೊಟ್ಟು, "ನೋಡ್ದ್ಯೇನ್ಲಾ? ನೋಡ್ದ್ಯಾ? ಅಲ್ಲಾಡ್ತಿತ್ತು ದೀಪ! ಯಾರೋ ಓಡಾಡ್ತಾವ್ರೆ ಮನೆ ಒಳಗ," ಎಂದ. ಅವನ ಕಣ್ಣು ತುಂಬಿತ್ತು. ನಾನು ಹೂಂ ಮಾವ ಎಂದೆ.

ಆಟೊದ ಆ ಬದಿಯಲ್ಲಿ ಹೊನ್ನಿ ಒಂದು ಕಾಲು ಚಕ್ರಕ್ಕೆ ಕೊಟ್ಟು ನಿಂತಿದ್ದಳು. ಅವಳು ಬಯಲನ್ನು ನೋಡುತ್ತಿರಲಿಲ್ಲ. ನನ್ನ ಕಾಲು ನೋಡುತ್ತಿದ್ದಳು. ಮೊಣಕಾಲವರೆಗೆ ಚೌಳು ಒಣಗಿ ಬಿಳಿ ಮೇಜೋಡು ಹಾಕಿದ ಹಾಗಿತ್ತು. ನಾನು ಬಕೆಟ್ಟನ್ನು ಅಡ್ಡ ಹಿಡಿದೆ, ಮುಚ್ಚುವುದಕ್ಕೆ ಸಾಲಲಿಲ್ಲ. ಈಗ ಎರಡು ಬೆರಳು ತಟ್ಟುತ್ತಾಳೆ, ಎಲ್ಲ ಹೋಗುತ್ತದೆ ಎಂದುಕೊಂಡೆ. ಅವಳು ಹತ್ತಿರ ಬಂದು ಬಕೆಟ್ ಇಸಿದುಕೊಂಡು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ನಾಳೆ ಎಣ್ಣೆ ಜಾಸ್ತಿ ಹಾಕ್ಕೊಂಡು ಹೋಗು. ಬೇಗ ಆರಿಹೋತು."

ಅಂದಿನಿಂದ ನಾನು ಮುಂದೂರನ್ನು ನೋಡಿಲ್ಲ. ದಿಬ್ಬದ ಮೇಲೆ ಅದು ಕಾಣುವ ಹೊತ್ತಿಗೆ ನಾನು ಈಚಲಿನ ಬುಡದಲ್ಲಿ ಇರುತ್ತೇನೆ. ನಾನು ಅಲ್ಲಿದ್ದರೆ ಕಾಣುವುದು ನಮ್ಮೂರು, ಇಲ್ಲಿ ದಿಬ್ಬದ ಮೇಲಿದ್ದರೆ ಕಾಣುವುದು ಆ ಕಪ್ಪು. ಹೊನ್ನಿ ದಿಬ್ಬದ ಮೇಲೆ, ನಾನು ಬಯಲಿನಲ್ಲಿ. ದಿನದಲ್ಲಿ ನಾವಿಬ್ಬರೂ ಒಟ್ಟಿಗೆ ನಿಂತು ನೋಡುತ್ತಿದ್ದ ಹೊತ್ತು ಅದೊಂದೇ ಆಗಿತ್ತು, ಅದೂ ಹೋಯಿತು. ಅಷ್ಟು ದೂರದಿಂದ ಅವಳು ಒಂದು ಚುಕ್ಕಿಯಷ್ಟೂ ಕಾಣುವುದಿಲ್ಲ. ಆದರೂ ಲಾಟೀನು ಎತ್ತಿ ಹಿಡಿದು, ಅವಳು ನಿಲ್ಲುವ ಜಾಗ ಇದೇ ಇರಬೇಕು ಎಂದು ಒಂದು ಕಡೆ ನೆಟ್ಟು ನೋಡುತ್ತೇನೆ. ನಮ್ಮ ಕೇರಿಯಿಂದ ಆಮೇಲೆ ಯಾರೂ ಹೋಗಲಿಲ್ಲ. ಹೊಳೆ ಆಚೆಗೆ ಹೋದವರಲ್ಲಿ ಒಂದು ಮನೆಯವರು ತಿರುಗಿ ಬಂದು ಬೀಗ ತೆಗೆದು ಕಸ ಗುಡಿಸಿದರು.

ಮರದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಪಟಕ್ಕೆ ಮಾತ್ರ ಕೆಲಸ ನಿಲ್ಲಲಿಲ್ಲ. ಬಯಲಿನ ಊರು ದಿನ ದಿನ ಬದಲಾಗುತ್ತದೆ, ಸ್ಕ್ರೀನಿನದನ್ನೂ ತಿದ್ದುತ್ತಿರಬೇಕು. ನಾನು ನೋಡದ್ದನ್ನು ಹೊನ್ನಿ ನೋಡಿಕೊಂಡು ಬಂದು ಹೇಳುತ್ತಾಳೆ, ನಾನು ಬರೆಯುತ್ತೇನೆ. ಮೊನ್ನೆ ಟೈಲರ್ ಅಂಗಡಿಗೆ ರಜ, ಮಧ್ಯಾಹ್ನವೇ ಬಂದು ಜಗಲಿಯ ಗೋಡೆಗೆ ಕಾಲು ಕೊಟ್ಟು ನಿಂತಳು. "ನೆನ್ನೆ ನಿನ್ನ ದೀಪದ ಮೇಲೆ, ಒಸಿ ಎಡಕ್ಕೆ, ಇನ್ನೊಂದು ಇತ್ತು," ಎಂದಳು.

"ಸುಳ್ಳು."

"ಸುಳ್ಳಾದ್ರೆ ದಿಬ್ಬಕ್ಕೆ ಬಂದು ನೋಡು."

"ನಾನು ಬಂದ್ರೆ ನನ್ನ ದೀಪ ಇರಲ್ಲ. ಅದಿಲ್ಲಾಂದ್ರೆ ಇದು ಇರುತ್ತೋ ಇಲ್ವೋ, ಹೆಂಗ್ ತಿಳೀತೈತೆ?"

"ತಿಳಿಯಲ್ಲ. ನಾನು ಹೇಳಿದ್ದು ನಂಬಬೇಕು," ಎಂದಳು, ಮುಖದಲ್ಲಿ ನಗು ಇದೆಯೋ ಇಲ್ಲವೋ ಗೊತ್ತಾಗದ ಹಾಗೆ.

ಕಂಡದ್ದನ್ನು ಬಿಟ್ಟು ಬೇರೆ ಬರೆಯುವುದಿಲ್ಲ ಎಂದು ಶಾಲೆ ಬಿಟ್ಟವನು ನಾನು. ಆದರೂ ಹೊಸ ಲೇಯರ್ ತೆರೆದು ಕೇಳಿದೆ, "ಯಾವ ಬಣ್ಣ?"

"ನಿಂದು ಹೊಗೆ ಹಳದಿ. ಅದು..." ಎಂದು ಕಣ್ಣು ಮುಚ್ಚಿದಳು. "ಬೆಳಿಗ್ಗೆ ಒಲೆ ಹತ್ತಿಸ್ದಾಗ ಮೊದಲು ಬರುತ್ತಲ್ಲ, ಆ ಬಣ್ಣ."

ಬೆರೆಸಿದೆ. "ಇನ್ನೊಂಚೂರು ಕೆಂಪು," ಎಂದಳು. ಇನ್ನೊಂಚೂರು ಕೆಂಪು ಹಾಕಿದೆ. "ಹೂಂ, ಅದೇ," ಎಂದಳು. ಕಪ್ಪಿನ ಎಡಕ್ಕೆ, ಸ್ವಲ್ಪ ಮೇಲೆ, ಪೆನ್ನು ಒತ್ತಿದೆ. ಅದು ಹತ್ತಿತು. ಇಬ್ಬರೂ ಬಗ್ಗಿ ನೋಡಿದೆವು. ಅಷ್ಟರಲ್ಲಿ ಬಿಸಿಲು ಇಳಿದಿತ್ತು, ನಾನು ನಡೆಯಬೇಕಿತ್ತು. ಟ್ಯಾಬನ್ನು ಅವಳ ಕೈಗೆ ಕೊಟ್ಟು, ಲಾಟೀನಿಗೆ ಕಂಠದವರೆಗೆ ಎಣ್ಣೆ ಸುರಿದುಕೊಂಡು ಹೊರಟೆ. ತಿರುವಿನಲ್ಲಿ ನಿಂತು ಹಿಂದೆ ನೋಡಿದೆ. ಅವಳು ಇನ್ನೂ ಆ ಗಾಜಿನ ಮೇಲೆ ಬಗ್ಗಿಕೊಂಡೇ ಇದ್ದಳು, ಬಲಗೈಯ ಎರಡು ಬೆರಳು ಅದರ ಅಂಚಿನಲ್ಲೇ ಇದ್ದವು. ನಾನು ಕಾದೆ. ಅವಳು ತಟ್ಟಲಿಲ್ಲ.